ಟಿವಿಯಲ್ಲಿ ತೋರಿಸಿದ್ದು ನಿಮ್ಮ ಮನೆಯಲ್ಲ

ಮನೆ ಹಿಂದೆ ಬರೆ ಜಾರಿದ ಸುದ್ದಿಗೆ ಚಾನೆಲ್ ಬೇರೆ ಮನೆ ತೋರಿಸಿತು, ನೆಂಟರೆಲ್ಲ ಗಾಬರಿ, ಏನು ಮಾಡಲಿ ಅಂತ ಕೇಳಿದ್ದೀರಿ. ನಿಮ್ಮ ಮನೆ ಹಿಂದೆ ಬರೆ, ಅಂದರೆ ಇಳಿಜಾರಿನ ಮಣ್ಣು, ಸ್ವಲ್ಪ ಜಾರಿದ್ದು ಮೊನ್ನೆ. ಚಾನೆಲ್ ತೋರಿಸಿದ್ದು 2018ರ ಆಗಸ್ಟಿನ ಮಡಿಕೇರಿ, ಎರಡಂತಸ್ತಿನ ಮನೆ ಹಾಗೇ ಇಳಿಜಾರಿಗೆ ಜಾರಿ ಬೀಳುವ ಅದೇ ದೃಶ್ಯ. ಬಹುಶಃ ಅವರ ಕ್ಯಾಮೆರಾ ಇನ್ನೂ ನಿಮ್ಮಲ್ಲಿಗೆ ಬಂದೇ ಇರಲಿಲ್ಲ. ಬಂದಿದ್ದರೂ, ಸ್ಥಳದಿಂದ ನೇರ ಚಿತ್ರ ಕಳಿಸುವ ಅವರ ಲೈವ್ ಬ್ಯಾಗ್ ನಡೆಯುವುದು ಮೊಬೈಲ್ ಸಿಮ್‌ಗಳ ಮೇಲೆ. ಮಳೆಗೆ ಕರೆಂಟ್ ಹೋಗಿ ಟವರ್ ಸತ್ತರೆ ಚಿತ್ರ ಹೋಗಲ್ಲ. ಆಗ ಬೆಂಗಳೂರಿನ ಡೆಸ್ಕ್ ಹಳೇದನ್ನೇ ಸುತ್ತಿಸುತ್ತದೆ.

ಮೊದಲು ಆ ಸುದ್ದಿಯ ಯೂಟ್ಯೂಬ್ ತುಣುಕು ಹುಡುಕಿ, ಲೋಗೋ, ದಿನಾಂಕ ಕಾಣುವಂತೆ ಸ್ಕ್ರೀನ್ ರೆಕಾರ್ಡ್ ಮಾಡಿಕೊಳ್ಳಿ. ಅಳಿಸಿದರೆ ಕಷ್ಟ. ಮೂಲೆಯಲ್ಲಿ 'ಸಂಗ್ರಹ ಚಿತ್ರ' ಅಂತ ಸಾಸಿವೆ ಗಾತ್ರದಲ್ಲಿ ಇದೆಯಾ ನೋಡಿ. ಇದ್ದರೆ ನಿಮ್ಮ ದೂರಿನ ಬಲ ಸ್ವಲ್ಪ ಕಡಿಮೆ.

ಆಮೇಲೆ ಚಾನೆಲ್‌ನ ದೂರು ಅಧಿಕಾರಿಗೆ ಮೇಲ್ ಹಾಕಿ. 2021ರ ಕೇಬಲ್ ಟಿವಿ ನಿಯಮದ ಪ್ರಕಾರ ಆ ಹೆಸರು, ವಿಳಾಸ ಅವರ ವೆಬ್‌ಸೈಟಿನಲ್ಲಿ ಇರಲೇಬೇಕು. ಪ್ರಸಾರದ ಸಮಯ ಬರೆಯಿರಿ, ನಿಮ್ಮ ಅಂಗಳದ ಇವತ್ತಿನ ಫೋಟೋ ಜೊತೆಗಿರಲಿ. ಸಿಟ್ಟು ಬೇಡ, ನಾಲ್ಕು ಸಾಲು ಸಾಕು. ಉತ್ತರಕ್ಕೆ 15 ದಿನ. ಸಮಾಧಾನ ಆಗದಿದ್ದರೆ ಮತ್ತೆ 15 ದಿನದೊಳಗೆ ಆ ಚಾನೆಲ್ ಸದಸ್ಯವಾಗಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ (ಚಾನೆಲ್‌ಗಳೇ ಸೇರಿ ಮಾಡಿಕೊಂಡದ್ದು) ಮೇಲ್ಮನವಿ.

ಆ ಸುದ್ದಿಯಲ್ಲಿ ಅಳುತ್ತಾ ಕಾಣಿಸಿದ ಅಮ್ಮನ ಮುಖ ಮಸುಕು ಮಾಡಿ ಅಂತ ಅದೇ ಮೇಲ್‌ನಲ್ಲಿ ಕೇಳಿ. ಫೋನ್ ಮಾಡಿ ಮಾಡಿ ಗಾಬರಿಯಾಗಿರುವ ನೆಂಟರಿಗೆ ಇವತ್ತೇ ಅಂಗಳದ ವಿಡಿಯೋ ಕಳಿಸಿಬಿಡಿ.