‘ಮೆರವಣಿಗೆ’ಯ ಸುತ್ತ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ‘ಮೆರವಣಿಗೆ’ ಅಚ್ಚಗನ್ನಡ ಪದವೇ? ಹೇಗೆ ಹುಟ್ಟಿತು?

ಉತ್ತರ: ಅಚ್ಚಗನ್ನಡದ್ದೇ. ಬೇರು ‘ಮೆರೆ’ ಎಂಬ ಧಾತು. ಹಳಗನ್ನಡದಲ್ಲಿ ಇದನ್ನು ಶಕಟರೇಫ, ಅಂದರೆ ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರ ಹಾಕಿ ‘ಮೆಱೆ’ ಎಂದು ಬರೆಯುತ್ತಿದ್ದರು. ಹೊಳೆ, ಎದ್ದು ಕಾಣು ಎಂಬುದು ಅದರ ಒಂದು ಅರ್ಥ. ತೋರಿಸು, ಪ್ರಕಟಪಡಿಸು ಎಂಬುದು ಇನ್ನೊಂದು. ಪಾತ್ರೆಗೆ ಬರುವ ‘ಮೆರುಗು’ ಇದೇ ಬಳಗದ್ದು. ತೆಲುಗಿನವರು ಮಿಂಚಿಗೆ ‘ಮೆರುಪು’ ಎನ್ನುತ್ತಾರೆ, ಅದೂ ಇದರ ನಂಟೇ.

ಈ ಧಾತುವಿಗೆ ‘ವಣಿಗೆ’ ಎಂಬ ಪ್ರತ್ಯಯ ಸೇರಿ ನಾಮಪದವಾಗಿದೆ. ಬರೆ–ಬರವಣಿಗೆ, ಬೆಳೆ–ಬೆಳವಣಿಗೆ, ಮೆರೆ–ಮೆರವಣಿಗೆ. ಮೂರರಲ್ಲೂ ಧಾತುವಿನ ಕೊನೆಯ ಎಕಾರ ಅಕಾರವಾಗುವುದನ್ನು ಗಮನಿಸಿ.

ನೆರೆಭಾಷೆಗಳ ಪದಗಳನ್ನು ಪಕ್ಕದಲ್ಲಿಟ್ಟರೆ ನಮ್ಮ ಪದದ ಸೊಗಸು ಇನ್ನಷ್ಟು ತಿಳಿಯುತ್ತದೆ. ತಮಿಳಿನ ‘ಊರ್ವಲಂ’ ಎಂದರೆ ಊರನ್ನು ಬಲಗೊಳ್ಳುವುದು, ಅಂದರೆ ಪ್ರದಕ್ಷಿಣೆ ಬರುವುದು. ತೆಲುಗಿನ ‘ಊರೇಗಿಂಪು’ವಿನಲ್ಲಿ ಊರು ಇದೆ, ಜತೆಗೆ ‘ಹೋಗು’ ಎಂಬ ಅರ್ಥದ ‘ಏಗು’ ಇದೆ. ಎರಡೂ ನಡಿಗೆಯನ್ನು ಹೇಳುತ್ತವೆ. ಕನ್ನಡದ ಪದದಲ್ಲಿ ಊರೂ ಇಲ್ಲ, ನಡಿಗೆಯೂ ಇಲ್ಲ. ಜನರ ಕಣ್ಣಿಗೆ ಬೀಳುವುದೇ ಮುಖ್ಯ. ದೇವಸ್ಥಾನದ ಪದ್ಧತಿಯೂ ಹಾಗೆಯೇ: ಮೂಲವಿಗ್ರಹ ಗರ್ಭಗುಡಿಯಲ್ಲೇ ಇರುತ್ತದೆ, ಬೀದಿಯ ಜನರೆಲ್ಲ ನೋಡಲೆಂದು ಉತ್ಸವಮೂರ್ತಿಯನ್ನು ಹೊರಗೆ ತಂದು ‘ಮೆರೆಸುತ್ತಾರೆ’. ಮಠಗಳ ಅಡ್ಡಪಲ್ಲಕ್ಕಿಯನ್ನೂ ನೆನೆಯಬಹುದು. ಪಲ್ಲಕ್ಕಿಯನ್ನು ದಾರಿಗೆ ಅಡ್ಡವಾಗಿ ಹೊತ್ತರೆ ಇಡೀ ಬೀದಿ ತುಂಬುತ್ತದೆ, ಬೇರೆಯವರು ಪಕ್ಕದಿಂದ ದಾಟಿಹೋಗಲಾಗದು. ಬೇಗ ಸಾಗುವುದೇ ಗುರಿಯಾಗಿದ್ದರೆ ಯಾರೂ ಹಾಗೆ ಹೊರುತ್ತಿರಲಿಲ್ಲ.

ಪ್ರಶ್ನೆ: ಮೆರೆಯುವುದೆಂದರೆ ಜಂಬ ತೋರಿಸುವುದಲ್ಲವೇ? ಹಾಗಿದ್ದರೆ ‘ಮೌನ ಮೆರವಣಿಗೆ’, ‘ಪಾರ್ಥಿವ ಶರೀರದ ಮೆರವಣಿಗೆ’ ಎಂದು ಬರೆಯುವುದು ಸರಿಯೇ?

ಉತ್ತರ: ಧಾರಾಳವಾಗಿ ಬರೆಯಬಹುದು. ‘ದುಡ್ಡು ಬಂತೆಂದು ಮೆರೀತಿದಾನೆ’ ಎನ್ನುವಾಗಿನ ಜಂಬದ ಅರ್ಥ ಮಾತಿನಲ್ಲಿ ಬೆಳೆದದ್ದು, ಅದೊಂದೇ ಅರ್ಥವಲ್ಲ. ‘ಮಾನವೀಯತೆ ಮೆರೆದ ಆಟೊ ಚಾಲಕ’ ಎಂಬ ತಲೆಬರಹವನ್ನು ಪತ್ರಿಕೆಗಳಲ್ಲಿ ಆಗಾಗ ಕಾಣುತ್ತೇವೆ. ಅಲ್ಲಿ ಜಂಬದ ಸುಳಿವೇ ಇಲ್ಲ. ತೋರಿಸು ಎಂಬ ಹಳೆಯ ಅರ್ಥ ಹಾಗೇ ಉಳಿದಿದೆ. ಅವಮಾನಕ್ಕೂ ಇದೇ ಪದ ಒದಗುತ್ತದೆ: ಕತ್ತೆಯ ಮೇಲೆ ಕೂರಿಸಿ ಊರೆಲ್ಲ ತಿರುಗಿಸಿದರೂ ಅದು ಮೆರವಣಿಗೆಯೇ. ದೇವರು, ಮದುಮಗ, ಬೇಡಿಕೆಯ ಫಲಕ, ಶವ, ತಪ್ಪಿತಸ್ಥ, ಯಾವುದೇ ಇರಲಿ, ಹತ್ತು ಜನರ ಕಣ್ಣೆದುರು ಬಂದರೆ ಸಾಕು. ಶೋಕದ ಸಂದರ್ಭದಲ್ಲಿ ‘ಅಂತಿಮ ಯಾತ್ರೆ’ ಹೆಚ್ಚು ಮೃದುವೆನಿಸಿದರೆ ಅದನ್ನು ಬಳಸಿ. ಅದು ಔಚಿತ್ಯದ ಮಾತು. ಪದದ ಅರ್ಥದಲ್ಲಿ ದೋಷವಿಲ್ಲ.

ಪ್ರಶ್ನೆ: ಮೆರೆವಣಿಗೆ, ಮೇರವಣಿಗೆ, ಮೆರವಣೆಗೆ: ಬ್ಯಾನರುಗಳಲ್ಲಿ ಎಲ್ಲ ಬಗೆಯೂ ಕಾಣುತ್ತವೆ. ಯಾವುದು ಸರಿ?

ಉತ್ತರ: ‘ಮೆರವಣಿಗೆ’ ಒಂದೇ ಸರಿ. ‘ಮೆರೆ’ಯನ್ನು ಇಡಿಯಾಗಿ ಉಳಿಸಿ ‘ಮೆರೆವಣಿಗೆ’ ಎನ್ನುವವರು ‘ಬರೆವಣಿಗೆ’ ಎಂದು ಬರೆಯುವುದಿಲ್ಲವಲ್ಲ! ‘ಮೇರೆ’ ಎಂದರೆ ಎಲ್ಲೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇವೆಲ್ಲಕ್ಕಿಂತ ಹೆಚ್ಚಾಗಿ ಕಾಡುವ ತಪ್ಪು ವಿಭಕ್ತಿಯದು. ಕೊನೆಯ ‘ಗೆ’ ಪದದ್ದೇ ಭಾಗ. ಅದನ್ನು ಚತುರ್ಥಿ ಪ್ರತ್ಯಯವೆಂದು ತಿಳಿದು ‘ಮೆರವಣಿಗೆ ಚಾಲನೆ ನೀಡಿದರು’ ಎಂದು ಬರೆದುಬಿಡುತ್ತಾರೆ. ‘ಮೆರವಣಿಗೆಗೆ ಚಾಲನೆ ನೀಡಿದರು’ ಎಂದಿರಬೇಕು. ಎರಡು ‘ಗೆ’ ಬಂದರೆ ಕಿವಿಗೆ ತೊಡಕೆನಿಸಬಹುದು, ಆದರೆ ಒಂದನ್ನು ಬಿಟ್ಟರೆ ವಾಕ್ಯ ಕುಂಟುತ್ತದೆ.

ಪ್ರಶ್ನೆ: ಜಾಥಾ, ಜುಲೂಸ್, ಸವಾರಿ, ದಿಬ್ಬಣ, ಜಾತ್ರೆ ಇವೆಲ್ಲ ಮೆರವಣಿಗೆಯ ಸಮಾನಾರ್ಥಕಗಳೇ?

ಉತ್ತರ: ಬಳಕೆಯಲ್ಲಿ ಹತ್ತಿರ ಬಂದಿವೆ, ಮೂಲದಲ್ಲಿ ದೂರ. ‘ಜಾಥಾ’ ಪಂಜಾಬಿಯಿಂದ ಬಂದದ್ದು. ಅಲ್ಲಿ ಅದರ ಅರ್ಥ ಗುಂಪು, ತಂಡ. 1920ರ ದಶಕದಲ್ಲಿ ಗುರುದ್ವಾರ ಸುಧಾರಣೆಗಾಗಿ ಹೋರಾಡಿದ ಅಕಾಲಿಗಳ ಜಾಥಾಗಳು ಹೆಸರುವಾಸಿ. 1987ರ ಭಾರತ ಜನ ವಿಜ್ಞಾನ ಜಾಥಾದಂಥ ಅಭಿಯಾನಗಳು ಈ ಪದವನ್ನು ಬೇರೆ ಬೇರೆ ರಾಜ್ಯಗಳಿಗೆ ಒಯ್ದವು. ನಮ್ಮಲ್ಲಿ ಈಗ ಅರಿವು ಮೂಡಿಸುವ ಮೆರವಣಿಗೆಗೆ ಈ ಹೆಸರು ಅಂಟಿದೆ. ‘ಜಾಥಾ ಮೆರವಣಿಗೆ’ ಎಂದರೆ ಹೇಳಿದ್ದನ್ನೇ ಎರಡು ಸಲ ಹೇಳಿದಂತೆ.

‘ಜುಲೂಸ್’ ಕಥೆ ಇನ್ನೂ ಸ್ವಾರಸ್ಯದ್ದು. ಅದು ಅರಬ್ಬಿ ಪದ, ಮೂಲಾರ್ಥ ‘ಕೂರುವುದು’! ಸಭೆ ಎಂಬ ಅರ್ಥದ ‘ಮಜ್ಲಿಸ್’ ಕೂಡ ಅದೇ ಧಾತುವಿನಿಂದ ಬಂದದ್ದು. ಬಾದಶಹ ಸಿಂಹಾಸನದಲ್ಲಿ ಕೂರುವುದೇ ಜುಲೂಸ್. ಮೊಘಲರ ನಾಣ್ಯಗಳಲ್ಲಿ ಪಟ್ಟಕ್ಕೆ ಬಂದ ಲೆಕ್ಕದ ವರ್ಷವನ್ನು ಈ ಪದದೊಂದಿಗೇ ಕೆತ್ತುತ್ತಿದ್ದರು. ಪಟ್ಟವೇರುವ ವೈಭವದಿಂದ ಅರ್ಥ ಸರಿದು ಉರ್ದುವಿನಲ್ಲಿ ಮೆರವಣಿಗೆಯಾಯಿತು.

‘ಸವಾರಿ’ ಪಾರಸಿಯದು, ಏನನ್ನಾದರೂ ಏರಿ ಹೋಗುವುದು. ಮೈಸೂರಿನ ಜಂಬೂ ಸವಾರಿಯಲ್ಲಿ ಅಂಬಾರಿ ಆನೆಯ ಮೇಲಿರುವುದರಿಂದ ಪದ ಸರಿಯಾಗಿ ಹೊಂದುತ್ತದೆ. ಅರಸರು ಕೂರುತ್ತಿದ್ದ, ಸುಮಾರು 750 ಕಿಲೊ ತೂಗುವ ಆ ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿಯ ಮೂರ್ತಿ ಇರುತ್ತದೆ. ದಕ್ಷಿಣ ಕನ್ನಡದ ದೇವಸ್ಥಾನಗಳಲ್ಲಿ ದೇವರ ‘ಪೇಟೆ ಸವಾರಿ’ಯೂ ಉಂಟು. ‘ಎಲ್ಲಿಗೆ ಹೊರಟಿತು ಸವಾರಿ?’ ಎಂದು ಗೆಳೆಯರನ್ನು ಕೇಳುವಾಗಲೂ ದೊರೆತನದ ಆ ಛಾಯೆಯೇ ಇಣುಕುತ್ತದೆ.

‘ದಿಬ್ಬಣ’ ಮದುವೆಗೆ ಮಾತ್ರ ಸಲ್ಲುತ್ತದೆ, ಕೆಲವೆಡೆ ‘ನಿಬ್ಬಣ’ ಎನ್ನುತ್ತಾರೆ. ‘ಜಾತ್ರೆ’ ಸಂಸ್ಕೃತದ ‘ಯಾತ್ರಾ’ದ ತದ್ಭವ, ಯಮ ಜವನಾದಂತೆ, ಯೋಗಿ ಜೋಗಿಯಾದಂತೆ. ಜಾತ್ರೆಯಲ್ಲಿ ತೇರಿನ ಮೆರವಣಿಗೆ ಇರುತ್ತದೆ, ಆದರೆ ಜಾತ್ರೆಯೇ ಮೆರವಣಿಗೆಯಲ್ಲ.

ಪ್ರಶ್ನೆ: ಘೋಷಣೆ ಕೂಗುತ್ತ ಹೋಗುವ ಮೆರವಣಿಗೆಗೆ ‘ಘೋಷಯಾತ್ರೆ’ ಎನ್ನಬಹುದೇ?

ಉತ್ತರ: ಕನ್ನಡದಲ್ಲಿ ಬೇಡ. ಮಲಯಾಳಂನಲ್ಲಿ ಮೆರವಣಿಗೆಗೆ ಇದೇ ಪದ ರೂಢಿಯಲ್ಲಿದೆ, ಕಾಸರಗೋಡಿನ ಕಡೆಯ ಕನ್ನಡಿಗರ ಕಿವಿಗೂ ಬಿದ್ದಿರುತ್ತದೆ. ಆದರೆ ಮಹಾಭಾರತದ ವನಪರ್ವದ ಘೋಷಯಾತ್ರೆಯಲ್ಲಿ ‘ಘೋಷ’ ಎಂದರೆ ಗೊಲ್ಲರ ಹಟ್ಟಿ. ದುರ್ಯೋಧನ ದನಕರುಗಳ ಲೆಕ್ಕ ನೋಡುವ ನೆಪ ಹೇಳಿ ದ್ವೈತವನಕ್ಕೆ ಹೋದದ್ದು ಪಾಂಡವರೆದುರು ತನ್ನ ಸಿರಿ ಮೆರೆಸಲು. ಕಡೆಗೆ ಗಂಧರ್ವರ ಕೈಗೆ ಸಿಕ್ಕಿಬಿದ್ದ, ಬಿಡಿಸಿದವರು ಪಾಂಡವರೇ. ‘ಘೋಷಣೆ ಕೂಗುತ್ತ ಮೆರವಣಿಗೆ ನಡೆಸಿದರು’ ಎಂದು ಬಿಡಿಸಿ ಬರೆದರೆ ಯಾವ ಗೊಂದಲವೂ ಇಲ್ಲ.