ಓದುಗರ ಪ್ರಶ್ನೆ, ನಮ್ಮ ಉತ್ತರ: ಅಟ್ಟದಿಂದಿಳಿದ ಸಿಆರ್‌ಓಗೆ ಕರೆಂಟ್ ಕೊಡುವ ಮುನ್ನ

ಪ್ರಶ್ನೆ: ಪಾಲಿಟೆಕ್ನಿಕ್ ಒಂದರ ಹರಾಜಿನಲ್ಲಿ 20 ಮೆಗಾಹರ್ಟ್ಸ್‌ನ, ಎರಡು ಚಾನಲ್‌ಗಳ ಹಳೆಯ ಸಿಆರ್‌ಓ (ವೋಲ್ಟೇಜಿನ ಏರಿಳಿತವನ್ನು ತೆರೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್) ಕೊಂಡಿದ್ದೆ. ಎರಡು ಮಳೆಗಾಲ ಅದು ನಮ್ಮ ಅಡುಗೆಮನೆಯ ಮೇಲಿನ ಅಟ್ಟದಲ್ಲೇ ಇತ್ತು. ಈಗ ನೇರವಾಗಿ ಕರೆಂಟ್ ಕೊಡಬಹುದೇ? ಒಳಗಿನ ಕೆಪಾಸಿಟರ್‌ಗಳನ್ನೆಲ್ಲ ಬದಲಿಸಿಬಿಡು ಎಂದು ಸ್ನೇಹಿತರು ಹೇಳುತ್ತಾರೆ. (ತೀರ್ಥಹಳ್ಳಿಯ ಓದುಗರು)

ಉತ್ತರ: ಸದ್ಯಕ್ಕೆ ಕರೆಂಟ್ ಕೊಡಬೇಡಿ. ಆಗುಂಬೆಯಂಥ ಊರಿರುವ, ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ ಕಾಣುವ ತಾಲ್ಲೂಕು ನಿಮ್ಮದು. ಅಟ್ಟ ಬೆಚ್ಚಗಿರುತ್ತದೆ ಎಂಬುದು ನಿಜವಾದರೂ ಒಲೆಯ ಹೊಗೆಯಲ್ಲಿನ ಮಸಿ ಮತ್ತು ಜಿಡ್ಡು ಬೋರ್ಡಿನ ಮೇಲೆ ಪದರವಾಗಿ ಕೂತು ತೇವವನ್ನು ಹಿಡಿದಿಟ್ಟುಕೊಳ್ಳುತ್ತವೆ. ಅಡಿಕೆಗೆ ಒಳ್ಳೆಯದಾದ ಜಾಗ ಈ ಯಂತ್ರಕ್ಕೆ ಒಳ್ಳೆಯದಲ್ಲ. ಇಂಥ ಸಿಆರ್‌ಓಗಳ ಪಿಕ್ಚರ್ ಟ್ಯೂಬಿಗೆ ಸುಮಾರು 2,000 ವೋಲ್ಟ್ ಬೇಕಾಗುತ್ತದೆ. ಒದ್ದೆಯಾದ ಮಸಿಯ ಮೇಲೆ ಅಷ್ಟು ವೋಲ್ಟೇಜ್ ಬಿದ್ದರೆ ಮೊದಲು ಚುರುಗುಟ್ಟುವ ಸದ್ದು ಕೇಳಿಸುತ್ತದೆ, ಬಳಿಕ ಬೋರ್ಡಿನಲ್ಲಿ ಕರಿದಾರಿಯೊಂದು ಸುಟ್ಟು ಉಳಿದುಕೊಳ್ಳುತ್ತದೆ. ಆ ದಾರಿಯನ್ನು ಕೆರೆದು ತೆಗೆಯದೆ ಯಂತ್ರ ಸರಿಹೋಗುವುದಿಲ್ಲ.

ಮೊದಲು ಹೊರಕವಚ ಬಿಚ್ಚಿ ಮೃದುವಾದ ಬ್ರಷ್‌ನಿಂದ ಧೂಳು ತೆಗೆಯಿರಿ. ಗಾಳಿಕಿಂಡಿಗಳಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದು ನಮ್ಮ ಕಡೆ ಸಾಮಾನ್ಯವಾದ್ದರಿಂದ ಅದನ್ನೂ ನೋಡಿ. ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಮುಂಭಾಗದ ಸ್ವಿಚ್‌ಗಳಿಗೆ ಸೈಕಲ್ಲಿನ ಎಣ್ಣೆಯನ್ನಾಗಲಿ ತುಕ್ಕು ಬಿಡಿಸುವ ಸ್ಪ್ರೇಯನ್ನಾಗಲಿ ಹೊಡೆಯಬೇಡಿ. ಅನಂತರ ಕೆಲವು ದಿನ, 40 ವ್ಯಾಟಿನ ಬಲ್ಬ್ ಉರಿಯುತ್ತಿರುವ ಕಪಾಟಿನಲ್ಲಿ, ಬಲ್ಬ್ ಯಾವುದಕ್ಕೂ ತಾಗದಂತೆ ಇಟ್ಟು ಒಣಗಿಸಿ.

ಕೆಪಾಸಿಟರ್‌ಗಳ ವಿಷಯದಲ್ಲಿ ನಿಮ್ಮ ಸ್ನೇಹಿತರ ಮಾತು ಅರ್ಧ ಸರಿ. ಕರೆಂಟ್ ಒಳಬರುವ ಜಾಗದಲ್ಲಿ, ಹಳದಿ ಬಣ್ಣದ, ಒಳಗಿನ ಸುರುಳಿ ಕಾಣುವಷ್ಟು ಪಾರದರ್ಶಕವಾದ ಚೌಕಾಕಾರದ ಕೆಪಾಸಿಟರ್ ಇದೆಯೇ ನೋಡಿ. ರಿಫಾ ಎಂಬ ಹೆಸರಿನ ಈ ಕೆಪಾಸಿಟರ್‌ಗಳ ಒಳಗಿರುವುದು ಕಾಗದ. ಹೊರಗಿನ ಎಪಾಕ್ಸಿ ಕಾಲಕ್ರಮೇಣ ಕೂದಲೆಳೆಯಂತೆ ಬಿರುಕು ಬಿಡುತ್ತದೆ, ಕಾಗದ ತೇವ ಹೀರುತ್ತದೆ, ಮುಂದೊಂದು ದಿನ ಮನೆ ತುಂಬ ನಾರುವ ಹೊಗೆ ಬಿಟ್ಟು ಅದು ಸಿಡಿಯುತ್ತದೆ. ಬಿರುಕು ಕಾಣದಿದ್ದರೂ ತೆಗೆದು, ಎಕ್ಸ್2 ಗುರುತಿರುವ (ಮೇನ್ಸ್‌ಗೆ ನೇರವಾಗಿ ಹಾಕಲೆಂದೇ ಮಾಡಿದ), 275 ವೋಲ್ಟ್ ಎಸಿಯ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ. ಉಳಿದ ಕೆಪಾಸಿಟರ್‌ಗಳನ್ನು, ಅಂದರೆ ಪುಟ್ಟ ಡಬ್ಬಿಯಂತಿರುವ ಎಲೆಕ್ಟ್ರೋಲಿಟಿಕ್‌ಗಳನ್ನು, ಒಟ್ಟಿಗೆ ಕಿತ್ತುಹಾಕುವುದು ನನಗೆ ಒಪ್ಪಿಗೆಯಿಲ್ಲ. ಹಳೆಯ ಬೋರ್ಡುಗಳ ತಾಮ್ರದ ಗೆರೆಗಳು ಬಿಸಿಗೆ ಸುಲಭವಾಗಿ ಏಳುತ್ತವೆ, ಇದ್ದ ಒಂದು ದೋಷದ ಜೊತೆಗೆ ಹತ್ತು ಹೊಸ ದೋಷಗಳು ಸೇರಿಕೊಳ್ಳುತ್ತವೆ.

ಬಹುಕಾಲ ಕರೆಂಟ್ ಕಾಣದ ಎಲೆಕ್ಟ್ರೋಲಿಟಿಕ್‌ನಲ್ಲಿ ಆಕ್ಸೈಡ್ ಪದರ ತೆಳುವಾಗಿರುವುದರಿಂದ ಆರಂಭದಲ್ಲಿ ಸೋರಿಕೆ ಹೆಚ್ಚಿರುತ್ತದೆ. ಆದ್ದರಿಂದ ಮೊದಲ ಸಲ 60 ಅಥವಾ 100 ವ್ಯಾಟಿನ ಬಲ್ಬನ್ನು ಸೀರಿಸ್‌ನಲ್ಲಿ ಸೇರಿಸಿ ಕರೆಂಟ್ ಕೊಡಿ. ಇದಕ್ಕೆ ತಂತಿಯ ಬಲ್ಬೇ ಬೇಕು, ಎಲ್‌ಇಡಿ ನಡೆಯುವುದಿಲ್ಲ. ಅಂಗಡಿಗಳಲ್ಲಿ ಈಗ ತಂತಿಯ ಬಲ್ಬ್ ಕೇಳಿದರೆ ಮುಖ ನೋಡುತ್ತಾರಾದ್ದರಿಂದ ಸಿಕ್ಕಾಗ ಎರಡು ತೆಗೆದಿಡಿ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಮುಂದುವರಿಯಬಹುದು. ಪ್ರಖರವಾಗಿಯೇ ಉರಿಯುತ್ತಿದ್ದರೆ ಒಳಗೆಲ್ಲೋ ಶಾರ್ಟ್ ಇದೆ. ಮಂಕಾದ ಮೇಲೆ ಬಲ್ಬ್ ತೆಗೆದು ನೇರವಾಗಿ ಕರೆಂಟ್ ಕೊಟ್ಟು, ಸರ್ವಿಸ್ ಮ್ಯಾನುಯಲ್‌ನಲ್ಲಿರುವ ಡಿಸಿ ವೋಲ್ಟೇಜುಗಳನ್ನು ಒಂದೊಂದಾಗಿ ಅಳೆಯಿರಿ. ಇನ್‌ಪುಟ್‌ಗೆ ಏನನ್ನೂ ಕೊಡದಿದ್ದರೂ ಗೆರೆ ಅಲೆಯುತ್ತಿದ್ದು, ಆ ಅಲೆ 100 ಹರ್ಟ್ಸ್‌ನದಾದರೆ ಫಿಲ್ಟರ್ ಕೆಪಾಸಿಟರ್ ಬತ್ತಿರುವ ಸಾಧ್ಯತೆ ಹೆಚ್ಚು. 50 ಹರ್ಟ್ಸ್‌ನದಾದರೆ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್‌ನ ಡಯೋಡ್‌ಗಳನ್ನೂ ಗ್ರೌಂಡ್ ಸಂಪರ್ಕವನ್ನೂ ನೋಡಿ. ತಪ್ಪು ಕಂಡ ಕೆಪಾಸಿಟರನ್ನು ಮಾತ್ರ, ಅದೇ ಮೌಲ್ಯದ, 105 ಡಿಗ್ರಿ ಬಿಸಿ ತಾಳುವ ಹೊಸದರಿಂದ ಬದಲಿಸಿ. ಸ್ವಿಚ್ ಆರಿಸಿದ ಮೇಲೂ ಟ್ಯೂಬಿನ ಸುತ್ತಲಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ ಎಂಬುದನ್ನು ಮರೆತು ಕೈ ಹಾಕಬೇಡಿ.

ಪ್ರಶ್ನೆ: ಬೆಂಗಳೂರಿನ ಸಂಡೆ ಬಜಾರ್‌ನಲ್ಲಿ ಟೆಕ್ಟ್ರಾನಿಕ್ಸ್ 465 ಸಿಆರ್‌ಓ ಸಿಕ್ಕಿತು. ಗೆರೆ ಬರುತ್ತಿಲ್ಲ. ಎಲ್ಲಿಂದ ಹುಡುಕಲಿ? (ಶಿವಮೊಗ್ಗದ ಓದುಗರು)

ಉತ್ತರ: ಅಮೆರಿಕದಿಂದ ಬಂದ ಯಂತ್ರವಾದರೆ ಅದರ ವೋಲ್ಟೇಜ್ ಸೆಲೆಕ್ಟರ್ 115ರಲ್ಲೇ ಇರಬಹುದು, ಪ್ಲಗ್ ಚುಚ್ಚುವ ಮೊದಲು ಅದನ್ನು 230ಕ್ಕೆ ತಿರುಗಿಸಿ, ಫ್ಯೂಸ್ ಕೂಡ ಅದಕ್ಕೆ ತಕ್ಕದ್ದೇ ಎಂದು ಖಚಿತಪಡಿಸಿಕೊಳ್ಳಿ. 100 ಮೆಗಾಹರ್ಟ್ಸ್‌ನ ಈ ಮಾದರಿಯಲ್ಲಿ +110, +55, +15, +5 ಮತ್ತು −8 ವೋಲ್ಟ್‌ಗಳ ಸರಬರಾಜು ಇದ್ದು, ಒಂದು ಕುಸಿದರೂ ಗೆರೆ ಮಾಯವಾಗುತ್ತದೆ. ಕರೆಂಟ್ ಇಲ್ಲದಾಗ ಪ್ರತಿಯೊಂದಕ್ಕೂ ಗ್ರೌಂಡ್‌ಗೂ ನಡುವಿನ ಓಮ್ ಅಳೆದರೆ ಕುಸಿದ ಲೈನು ಗೊತ್ತಾಗುತ್ತದೆ. ತಪ್ಪಿತಸ್ಥ ಬಹುಮಟ್ಟಿಗೆ ಶಾರ್ಟ್ ಆದ ಟ್ಯಾಂಟಲಮ್ ಕೆಪಾಸಿಟರ್. ಹತ್ತಾರು ಟ್ಯಾಂಟಲಮ್‌ಗಳ ಒಂದೊಂದು ಕಾಲನ್ನು ಬೋರ್ಡಿನಿಂದ ಬಿಡಿಸಿ ನೋಡುತ್ತಾ ಕೂರುವುದಕ್ಕಿಂತ, ಕರೆಂಟನ್ನು 1 ಆಂಪಿಯರ್‌ಗೆ ಮಿತಗೊಳಿಸಿದ ಬೆಂಚ್ ಸಪ್ಲೈಯಿಂದ ಆ ಲೈನಿಗೆ ಒಂದು ವೋಲ್ಟ್‌ಗಿಂತ ಕಡಿಮೆ ಕೊಟ್ಟು, ಗೆರೆಯುದ್ದಕ್ಕೂ ಮಿಲಿವೋಲ್ಟ್ ಅಳೆಯುತ್ತಾ ಹೋಗುವುದು ಜಾಣತನ. ಅಳತೆ ಅತಿ ಕಡಿಮೆ ಇರುವಲ್ಲಿ ಶಾರ್ಟ್ ಇರುತ್ತದೆ.

ಪ್ರಶ್ನೆ: ಎಸ್‌ಎಂಪಿಎಸ್ (ಮೇನ್ಸ್‌ನಿಂದ ಡಿಸಿ ಕೊಡುವ ಸ್ವಿಚಿಂಗ್ ಪವರ್ ಸಪ್ಲೈ) ರಿಪೇರಿಗೆ ಅನುಕೂಲವೆಂದು ಸಿಆರ್‌ಓ ಪ್ಲಗ್‌ನ ಅರ್ಥ್ ಪಿನ್ ತೆಗೆದಿದ್ದೇನೆ. ಈ ಮಾರ್ಪಾಡಿನಿಂದ ತೊಂದರೆಯಿದೆಯೇ? (ಸಾಗರದ ಓದುಗರು)

ಉತ್ತರ: ಇದೆ, ಮತ್ತು ಅದು ಪ್ರಾಣಕ್ಕೇ ಬರುವಂಥದ್ದು. ಅಳೆಯುವ ತಂತಿಯಾದ ಪ್ರೋಬ್‌ನ ಗ್ರೌಂಡ್ ಕ್ಲಿಪ್ಪೂ ಯಂತ್ರದ ಲೋಹದ ಕವಚವೂ ಒಳಗೆ ಒಂದೇ. 230 ವೋಲ್ಟ್ ಎಸಿ ರೆಕ್ಟಿಫೈ ಆಗಿ ಡಿಸಿಯಾದಾಗ ಸುಮಾರು 325 ವೋಲ್ಟ್ ಆಗುತ್ತದೆ. ಕ್ಲಿಪ್ಪನ್ನು ಎಸ್‌ಎಂಪಿಎಸ್‌ನ ಪ್ರೈಮರಿಗೆ (ಮೇನ್ಸ್‌ಗೆ ನೇರವಾಗಿ ಸೇರಿದ ಭಾಗಕ್ಕೆ) ಹಾಕಿದರೆ ನೀವು ಮುಟ್ಟುವ ಲೋಹದ ಭಾಗಗಳಿಗೆಲ್ಲ ಮೇನ್ಸ್ ಬರುತ್ತದೆ. ಮಳೆಗಾಲದ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವರಿಗೆ ಇನ್ನೂ ಅಪಾಯ. ಪಿನ್ನನ್ನು ಇವತ್ತೇ ಮರಳಿ ಹಾಕಿ. ರಿಪೇರಿಗೆ ಬಂದ ಎಸ್‌ಎಂಪಿಎಸ್‌ಗೆ ಮೇನ್ಸ್‌ನ ನೇರ ಸಂಪರ್ಕ ತಪ್ಪಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಮೂಲಕ ಕರೆಂಟ್ ಕೊಡಿ, ಸಿಆರ್‌ಓಗೆ ಅಲ್ಲ. ಅದಿಲ್ಲದಿದ್ದರೆ ಎರಡೂ ಚಾನಲ್‌ಗಳಿಗೆ ಅಷ್ಟು ವೋಲ್ಟೇಜ್ ತಡೆಯುವ 10ಎಕ್ಸ್ (ವೋಲ್ಟೇಜನ್ನು ಹತ್ತನೇ ಒಂದಕ್ಕೆ ಇಳಿಸುವ) ಪ್ರೋಬ್ ಹಾಕಿ, ಕ್ಲಿಪ್‌ಗಳನ್ನು ಎಲ್ಲಿಗೂ ಸಿಕ್ಕಿಸದೆ, ಎರಡನೆಯ ಚಾನಲನ್ನು ಇನ್ವರ್ಟ್ ಮಾಡಿ ಆ್ಯಡ್ ಒತ್ತಿದರೆ ಎರಡು ಬಿಂದುಗಳ ನಡುವಿನ ವ್ಯತ್ಯಾಸವಷ್ಟೇ ತೆರೆಯ ಮೇಲೆ ಬರುತ್ತದೆ. ಮನೆಯ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿ ನೆಪಮಾತ್ರಕ್ಕೆ ಉಳಿದಿದ್ದರೆ ಪಿನ್ ಇದ್ದೂ ಇಲ್ಲದಂತೆ. ಹಾಗಾಗಿ ಏಪ್ರಿಲ್ ತಿಂಗಳಲ್ಲೇ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಅರ್ಥ್ ಟೆಸ್ಟರ್‌ನಿಂದ ಅದನ್ನು ಅಳೆಸಿ.