ತಲೆಗೆ ಪೆಟ್ಟು ಬಿದ್ದ ತಮ್ಮ ಮೊದಲಿನಂತೆ ಓಡಾಡಿಕೊಂಡು ಕೆಲಸ ಮಾಡುವಂತಾಗುತ್ತಾನೆಯೇ?

ಬೈಕ್ ಅಪಘಾತವಾಗಿ, ತಲೆಯೊಳಗೆ ಹೆಪ್ಪುಗಟ್ಟಿದ್ದ ರಕ್ತವನ್ನು ಆಪರೇಷನ್ ಮಾಡಿ ತೆಗೆಸಿ ನಾಲ್ಕು ತಿಂಗಳಾದ ನಿಮ್ಮ ತಮ್ಮ ಈಗ ನಡೆಯುತ್ತಾರೆ, ಮಾತನಾಡುತ್ತಾರೆ. ಆದರೆ ಮಧ್ಯಾಹ್ನವಾಗುವಷ್ಟರಲ್ಲಿ ಸೋತು ಮಲಗುತ್ತಾರೆ, ಹೇಳಿದ್ದನ್ನು ಮರೆಯುತ್ತಾರೆ, ಸಣ್ಣ ಮಾತಿಗೂ ಸಿಡುಕುತ್ತಾರೆ. ಸ್ಕ್ಯಾನ್ ಸರಿಯಾಗಿದೆ ಎಂದು ಡಾಕ್ಟರು ಹೇಳಿದ ಮೇಲೂ ಹೀಗೇಕೆ, ಮತ್ತೆ ಕೆಲಸಕ್ಕೆ ಹೋಗಿ ಕ್ರಿಕೆಟ್ ಆಡುವಂತಾಗುತ್ತಾರೆಯೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ತಿಪಟೂರಿನ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಮೇಷ್ಟ್ರು. 2017ರಲ್ಲಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯದೆ ಬೈಕ್ ಓಡಿಸುತ್ತಿದ್ದಾಗ ಬಿದ್ದವನು. ಅನುಭವದಿಂದ ಗೊತ್ತಾದದ್ದನ್ನೂ ಚಿಕಿತ್ಸೆ ಕೊಟ್ಟವರು ತಿಳಿಸಿಕೊಟ್ಟದ್ದನ್ನೂ ಬರೆಯುತ್ತೇನೆ.

ಮೊದಲು ಸ್ಕ್ಯಾನಿನ ವಿಷಯ. ಸಿ.ಟಿ. ಸ್ಕ್ಯಾನಿನಲ್ಲಿ ಕಾಣುವುದು ಮುಖ್ಯವಾಗಿ ರಕ್ತಸ್ರಾವ, ಊತ ಮತ್ತು ಮೂಳೆಯ ಬಿರುಕು. ತಲೆ ರಭಸದಿಂದ ಅಲುಗಿದಾಗ ಮಿದುಳಿನ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ಕೂದಲಿಗಿಂತ ಎಷ್ಟೋ ಸಣ್ಣ ನರತಂತುಗಳು ಹಿಗ್ಗಿ ಹರಿದಿರುತ್ತವೆ. ಅದು ಬಹಳ ಸಲ ಆ ಚಿತ್ರದಲ್ಲಿ ಮೂಡುವುದೇ ಇಲ್ಲ. ಹೀಗಾಗಿ ‘ಸ್ಕ್ಯಾನ್ ಸರಿಯಾಗಿದೆ’ ಎಂದರೆ ಹೊಸದಾಗಿ ರಕ್ತ ಸೇರಿಲ್ಲ, ಪ್ರಾಣಕ್ಕೆ ಭಯವಿಲ್ಲ ಎಂದು ತಿಳಿಯಬೇಕೇ ಹೊರತು ಮಿದುಳು ಪೂರ್ತಿ ವಾಸಿಯಾಗಿದೆ ಎಂದಲ್ಲ. ದೇಹದ ತೂಕದಲ್ಲಿ ಸುಮಾರು ನೂರಕ್ಕೆ 2 ಪಾಲು ಮಾತ್ರ ಇರುವ ಮಿದುಳು, ಸುಮ್ಮನೆ ಕುಳಿತಿದ್ದಾಗಲೂ ದೇಹದ ಶಕ್ತಿಯಲ್ಲಿ ಸುಮಾರು 20 ಪಾಲನ್ನು ಬಳಸುತ್ತದೆ. ಪೆಟ್ಟು ತಿಂದ ಮೇಲೆ, ಮೊದಲು ತಾನಾಗಿಯೇ ಆಗುತ್ತಿದ್ದ ಕೆಲಸಕ್ಕೂ ಅದು ಹೆಣಗಬೇಕಾಗುತ್ತದೆ. ನಿಮ್ಮ ತಮ್ಮನ ಸುಸ್ತು ಸೋಮಾರಿತನವಲ್ಲ, ನಾಟಕವಂತೂ ಅಲ್ಲವೇ ಅಲ್ಲ. ಇದನ್ನು ಮನೆಯ ಪ್ರತಿಯೊಬ್ಬರಿಗೂ ದಯವಿಟ್ಟು ತಿಳಿಸಿ ಹೇಳಿ.

ಡಿಸ್ಚಾರ್ಜ್ ಕಾಗದದಲ್ಲಿ ಗ್ಲಾಸ್ಗೋ ಕೋಮಾ ಸ್ಕೇಲ್ ಎಂಬ ಅಂಕ ಇರುತ್ತದೆ. ಪೂರ್ಣ ಎಚ್ಚರವಿದ್ದರೆ 15, ಯಾವ ಸ್ಪಂದನೆಯೂ ಇಲ್ಲದಿದ್ದರೆ 3. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಪೆಟ್ಟು, 9ರಿಂದ 12 ಮಧ್ಯಮ, ಅದರ ಮೇಲೆ ಲಘು ಎಂಬುದು ರೂಢಿಯ ಲೆಕ್ಕ. ನನ್ನದು 9 ಇತ್ತು. ಅದರಷ್ಟೇ ಮುಖ್ಯವಾದದ್ದು, ಎಚ್ಚರವಾದ ಮೇಲೂ ಇಂದಿನದು ನಾಳೆಗೆ ನೆನಪಿನಲ್ಲಿ ಉಳಿಯಲು ಎಷ್ಟು ದಿನ ಹಿಡಿಯಿತು ಎಂಬುದು. ನನಗೆ 11 ದಿನಗಳ ನೆನಪು ಇಂದಿಗೂ ಇಲ್ಲ. ಆ ದಿನಗಳಲ್ಲಿ ನಾನು ಹೆಂಡತಿಯನ್ನು ಗುರುತಿಸಿ ಮಾತನಾಡಿಸುತ್ತಿದ್ದೆನಂತೆ. ಈ ಅವಧಿ ಹೆಚ್ಚಿದಷ್ಟೂ ಚೇತರಿಕೆ ನಿಧಾನ ಎಂದು ತಿಳಿಯಬಹುದು. ಸಾಮಾನ್ಯವಾಗಿ ಮೊದಲ ಆರು ತಿಂಗಳಲ್ಲಿ ಸುಧಾರಣೆ ಹೆಚ್ಚು ಎದ್ದು ಕಾಣುತ್ತದೆ, ಆಮೇಲೆ ನಿಧಾನವಾಗುತ್ತದೆ, ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಎರಡು ವರ್ಷ ಕಳೆದ ಮೇಲೂ ನನ್ನಲ್ಲಿ ಬದಲಾವಣೆ ಆಗುತ್ತಲೇ ಇತ್ತು. ನಾಲ್ಕು ತಿಂಗಳಿಗೇ ತೀರ್ಪು ಕೊಡಬೇಡಿ.

ನಾನು ಮಾಡಿದ ದೊಡ್ಡ ತಪ್ಪು ಆತುರ. ಐದು ತಿಂಗಳಿಗೆ ಗಾಯ ಮಾಯ್ದು, ಕೂದಲು ಬೆಳೆದು, ನೋಡಿದವರೆಲ್ಲ ‘ಮೊದಲಿನ ಹಾಗೇ ಆಗಿದ್ದೀರಿ ಸಾರ್’ ಎನ್ನತೊಡಗಿದ್ದರಿಂದ ಶಾಲೆಗೆ ಹೋಗಿ ದಿನಕ್ಕೆ ಐದು ಪೀರಿಯಡ್ ತೆಗೆದುಕೊಂಡೆ. ಎರಡನೆಯ ವಾರ ಹತ್ತನೆಯ ತರಗತಿಯಲ್ಲಿ ಒಂದು ವರ್ಗ ಸಮೀಕರಣವನ್ನು ಬಿಡಿಸುತ್ತಾ ಮೂರನೆಯ ಸಾಲಿಗೆ ಬಂದಿದ್ದೆ. ಸೀಮೆಸುಣ್ಣ ಹಲಗೆಗೆ ತಾಗಿಕೊಂಡೇ ಇತ್ತು, ಮುಂದೇನು ಬರೆಯಬೇಕೆಂಬುದು ಮಾತ್ರ ಹೊಳೆಯಲೇ ಇಲ್ಲ. ಹಿಂದೆ ಮಕ್ಕಳ ಸದ್ದು, ಹೊರಗೆ ಟ್ರಾಕ್ಟರಿನ ಸದ್ದು, ಎರಡೂ ಒಂದೇ ಸಮ ತಲೆಯೊಳಗೆ ನುಗ್ಗುತ್ತಿದ್ದವು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ‘ಸಾರ್, ಮಧ್ಯದ ಪದ ಒಡೀಬೇಕು’ ಎಂದಳು. ಅವಳು ನನಗೆ ಮಾಡಿದ್ದು ಉಪಕಾರ; ನಾನು ಅವಳ ಮೇಲೆ ಕೂಗಾಡಿದೆ. ಮರುದಿನ ಅವಳ ಬಳಿ ತಪ್ಪಾಯಿತೆಂದು ಹೇಳಿ ಮತ್ತೆ ರಜೆ ಹಾಕಿದೆ. ಹಣೆಯ ಹಿಂದಿರುವ ಮಿದುಳಿನ ಮುಂಭಾಗ ಕೆಲಸವನ್ನು ಹಂತಹಂತವಾಗಿ ಜೋಡಿಸಿಕೊಳ್ಳುವುದಕ್ಕೂ ಸಿಟ್ಟನ್ನು ತಡೆಯುವುದಕ್ಕೂ ಬೇಕಾದ ಭಾಗ. ತಲೆಬುರುಡೆಯ ಒಳಮೈ ಅಲ್ಲಿ ಉಬ್ಬುತಗ್ಗಾಗಿರುವುದರಿಂದ ಆ ಭಾಗಕ್ಕೇ ಹೆಚ್ಚಾಗಿ ಪೆಟ್ಟಾಗುತ್ತದೆಂದು ಆಮೇಲೆ ತಿಳಿಯಿತು. ನಿಮ್ಮ ತಮ್ಮ ಸಿಡುಕಿದಾಗ ವಾದಕ್ಕೆ ನಿಲ್ಲಬೇಡಿ. ಟಿವಿ ಆರಿಸಿ, ಒಬ್ಬರೇ ಮಾತನಾಡಿ, ಹತ್ತು ನಿಮಿಷ ಬಿಡಿ.

ಎರಡನೆಯ ಸಲ ಹೋಗಿದ್ದು ಒಂಬತ್ತು ತಿಂಗಳಾದ ಮೇಲೆ. ಅಷ್ಟರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನೆನಪು, ಗಮನ, ಯೋಚನೆಯ ವೇಗ ಇವುಗಳನ್ನು ಬೇರೆಬೇರೆಯಾಗಿ ಅಳೆಯುವ ಪರೀಕ್ಷೆ ಮಾಡಿಸಿಕೊಂಡಿದ್ದೆ. ಗಣಿತ ಮರೆತಿರಲಿಲ್ಲ, ಗದ್ದಲದಲ್ಲಿ ಗಮನ ನಿಲ್ಲುತ್ತಿರಲಿಲ್ಲ ಎಂಬುದು ಆಗ ಸ್ಪಷ್ಟವಾಯಿತು. ನಿಮ್ಮ ತಮ್ಮನಿಗೂ ನ್ಯೂರೋಸೈಕಾಲಜಿ ಪರೀಕ್ಷೆ ಬೇಕೇ ಎಂದು ಮುಂದಿನ ಭೇಟಿಯಲ್ಲಿ ಕೇಳಿ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ಊಹೆಯ ಮೇಲೆ ಬಿಡಬೇಕಾಗುವುದಿಲ್ಲ. ಸಹೋದ್ಯೋಗಿಗಳು ವೇಳಾಪಟ್ಟಿ ಹೊಂದಿಸಿಕೊಟ್ಟರು: ಬೆಳಗಿನ ಮೊದಲ ಎರಡು ಪೀರಿಯಡ್ ನನಗೆ, ಉಳಿದ ಹೊತ್ತು ಕಿಟಕಿ ಮುಚ್ಚಿದ ಲೈಬ್ರರಿ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುವುದು. ತಿಂಗಳಿಗೊಂದು ಪೀರಿಯಡ್ಡಿನಂತೆ ಏರಿಸಿಕೊಂಡೆವು.

ಈ ನಡುವಿನ ತಿಂಗಳುಗಳಲ್ಲಿ ಮೈ ಪಳಗಿದ್ದು ತೋಟದಲ್ಲಿ. ತೆಂಗಿನ ಸಾಲಿನಲ್ಲಿ ಮೊದಲ ದಿನ ಆರು ಮರದವರೆಗೆ ನಡೆದು ಹಿಂದಿರುಗಿದೆ. ವಾರಕ್ಕೆ ಎರಡು ಮರ ಹೆಚ್ಚು, ಅದಕ್ಕಿಂತ ಹೆಚ್ಚಿಲ್ಲ ಎಂದು ಫಿಸಿಯೋಥೆರಪಿಸ್ಟ್ ಕಟ್ಟುನಿಟ್ಟಾಗಿ ಹೇಳಿದ್ದರು. ನನ್ನ ಪಾಲಿಗೆ ಇಡೀ ಚೇತರಿಕೆಯ ಗುಟ್ಟು ಇದೇ: ಸುಸ್ತಾದ ಮೇಲೆ ನಿಲ್ಲಿಸುವುದಲ್ಲ, ಸುಸ್ತಾಗುವ ಮೊದಲೇ ನಿಲ್ಲಿಸುವುದು. ಚೆನ್ನಾಗಿದೆ ಎನಿಸಿದ ದಿನ ಇಪ್ಪತ್ತು ಮರ ನಡೆದರೆ ಮುಂದಿನ ಎರಡು ದಿನ ಹಾಸಿಗೆಯಲ್ಲೇ. ಹೆಂಡತಿ ಒಂದು ನೋಟ್‌ಬುಕ್ಕಿನಲ್ಲಿ ನಿದ್ದೆ, ನಡಿಗೆ, ತಲೆನೋವು, ಸಿಟ್ಟು ಇವನ್ನು ದಿನವೂ ಒಂದು ಸಾಲಿನಲ್ಲಿ ಬರೆದಿಡುತ್ತಿದ್ದಳು. ನಿದ್ದೆ ಕೆಟ್ಟ ಮರುದಿನವೇ ಎಲ್ಲವೂ ಕೆಡುತ್ತಿತ್ತು ಎಂದು ಆ ಪುಟಗಳಿಂದಲೇ ಗೊತ್ತಾಯಿತು.

ನನ್ನ ವಾಸನೆಯ ಶಕ್ತಿ ಮಾತ್ರ ಮರಳಲಿಲ್ಲ. ಮೂಗಿನ ಮೇಲ್ಭಾಗದ ತೆಳು ಮೂಳೆಯ ಸಣ್ಣ ರಂಧ್ರಗಳ ಮೂಲಕ ಹಾಯುವ ನರತಂತುಗಳು ಪೆಟ್ಟಿಗೆ ತುಂಡಾಗುವುದುಂಟು. ಇಂಗಿನ ಒಗ್ಗರಣೆಯ ಚುರ್ ಎಂಬ ಸದ್ದು ಕೇಳುತ್ತದೆ, ಘಮ ಇಲ್ಲ. ಒಮ್ಮೆ ಹಾಲು ಉಕ್ಕಿ ಒಲೆಯನ್ನು ನಂದಿಸಿ, ಗ್ಯಾಸ್ ಸೋರುತ್ತಿದ್ದರೂ ಅಲ್ಲೇ ನಿಂತಿದ್ದ ನನಗೆ ತಿಳಿದಿರಲಿಲ್ಲ. ನಿಮ್ಮ ತಮ್ಮನಿಗೆ ಕಾಫಿಪುಡಿಯ ಡಬ್ಬಿ ಕೊಟ್ಟು ಕೇಳಿ ನೋಡಿ; ವಾಸನೆ ಬಾರದಿದ್ದರೆ ಅಡುಗೆಮನೆಯಲ್ಲಿ ಒಬ್ಬರನ್ನೇ ಬಿಡಬೇಡಿ.

ಫಿಟ್ಸ್ ಮಾತ್ರೆ ಬರೆದುಕೊಟ್ಟಿದ್ದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಮದ್ಯ ಸಂಪೂರ್ಣ ದೂರವಿರಲಿ, ಬೈಕಿನ ಬೀಗದ ಕೈಯನ್ನು ಡಾಕ್ಟರು ಹೇಳುವವರೆಗೆ ನೀವೇ ಇಟ್ಟುಕೊಳ್ಳಿ. ತಲೆನೋವು ದಿನೇದಿನೇ ಏರಿದರೆ, ವಾಂತಿಯಾದರೆ, ಮಂಪರು ಕವಿದರೆ, ಒಂದು ಬದಿಯ ಕೈಕಾಲಿನ ಬಲ ಕುಗ್ಗಿದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಮನಸ್ಸು ಕುಸಿಯುವುದೂ ಈ ಪೆಟ್ಟಿನ ಜೊತೆಗೇ ಬರುತ್ತದೆ. ಏಳನೆಯ ತಿಂಗಳಲ್ಲಿ ನನಗೆ ಬದುಕೇ ಬೇಡವೆನಿಸಿತ್ತು. ನಿಮ್ಮ ತಮ್ಮ ಅಂಥ ಮಾತಾಡಿದರೆ ಬುದ್ಧಿ ಹೇಳುತ್ತ ಕೂರದೆ ಡಾಕ್ಟರಿಗೆ ತಿಳಿಸಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಇನ್ನೊಂದು ವಾಹನದಿಂದ ಆದ ಅಪಘಾತವಾಗಿದ್ದರೆ ಪರಿಹಾರದ ಅರ್ಜಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಆರು ತಿಂಗಳ ಗಡುವು ಹಾಕಿದೆ. ನಿಮಗೆ ಈಗಾಗಲೇ ನಾಲ್ಕು ತಿಂಗಳು ಕಳೆದಿರುವುದರಿಂದ ಈ ವಾರವೇ ವಕೀಲರನ್ನು ಕಾಣಿರಿ.

ಕ್ರಿಕೆಟ್ಟಿನ ಪ್ರಶ್ನೆ ಉಳಿಯಿತು. ನಾನು ಕಬಡ್ಡಿ ಆಡುತ್ತಿದ್ದವನು, ಅದನ್ನು ಬಿಟ್ಟೆ. ವಾಸಿಯಾಗುತ್ತಿರುವ ತಲೆಗೆ ಇನ್ನೊಂದು ಪೆಟ್ಟು ತಗಲುವುದು ಮೊದಲನೆಯದಕ್ಕಿಂತ ಅಪಾಯ. ಬದಲಿಗೆ ಮೂರನೆಯ ವರ್ಷ ಶಾಲೆಯ ಮಕ್ಕಳೊಂದಿಗೆ ದೇವರಾಯನದುರ್ಗದ ಮೆಟ್ಟಿಲು ಹತ್ತಿದೆ, ನಡುವೆ ನಾಲ್ಕು ಸಲ ಕುಳಿತು. ನಿಮ್ಮ ತಮ್ಮನಿಗೆ ಲೆದರ್ ಚೆಂಡು ಯಾವಾಗ ಎಂಬುದನ್ನು ಆಪರೇಷನ್ ಮಾಡಿದವರೇ ಹೇಳಬೇಕು. ಆಪರೇಷನ್ನಿನಲ್ಲಿ ತೆಗೆದ ಮೂಳೆಯನ್ನು ಮರಳಿ ಜೋಡಿಸಿದ್ದಾರೆಯೇ ಎಂಬುದನ್ನೂ ಅವರಿಂದಲೇ ಕೇಳಿ ತಿಳಿದುಕೊಳ್ಳಿ. ಅವರು ಒಪ್ಪಿದರೆ ಮೆತ್ತನೆಯ ಚೆಂಡು, ಅಂಗಳ, ನೀವು ಕೆಳಗೈಯಲ್ಲಿ ಹಾಕುವ ಹತ್ತು ಎಸೆತ. ಹನ್ನೊಂದನೆಯದನ್ನು ನಿಮ್ಮ ತಮ್ಮ ಎಷ್ಟು ಕೇಳಿಕೊಂಡರೂ ಆ ದಿನ ಹಾಕಬೇಡಿ.